ಪ್ಲೇಗು ಪ್ರತಿಬಂಧಕ ಲಸಿಕೆಯನ್ನು ಸಿದ್ಧಪಡಿಸಿದ ಹಾಫ್ಕಿನ್ ಪಂಡಿತರು

ಜನರ ಪ್ರಾಣವನ್ನು ಉಳಿಸುವದಕ್ಕಾಗಿ ತಮ್ಮ ಆಯುಷ್ಯವನ್ನು ಸವೆಯಿಸಿದ ಮಹನೀಯರಲ್ಲಿ ಕೆಲವರ ಹೆಸರು ಮನೆಮಾತಾಗಿ ಉಳಿಯುವದು. ಮತ್ತೆ ಕೆಲವರ ಹೆಸರು ಅವರಿಂದ ಉಪಕೃತವಾದ ಊರಿನಲ್ಲಿಯೇ ಮರೆತುಹೋಗುವದು. ನಮ್ಮ ಹುಬ್ಬಳ್ಳಿಯ ಮಟ್ಟಿಗೆ ಹೀಗೆ ಮರೆತುಹೋದ ಹೆಸರುಗಳಲ್ಲಿ ವಾಲ್ಡೆಮಾರ್ ಹಾಫ್ಕಿನ್ ಪಂಡಿತರದೂ ಒಂದು. ೧೮೯೮ನೆಯ ಇಸ್ವಿಯಲ್ಲಿ ಪ್ಲೇಗು ಬೇನೆಯು ಈ ಪಟ್ಟಣವನ್ನು ಪೀಡಿಸಿದಾಗ ಇಲ್ಲಿಯ ಸಹಸ್ರಾವಧಿ ಜನರು ತೋಳೊಡ್ಡಿ ತೆಗೆದುಕೊಂಡ ಔಷಧವು ಈ ಪಂಡಿತರ ಪ್ರಯೋಗಶಾಲೆಯಿಂದ ಬಂದದ್ದು. ಅವರು ಜನ್ಮತಃ ದೂರದೇಶದವರು, ಮತದಿಂದ ಯಹೂದ್ಯರು. ಆದರೂ ಅವರ ಕಾಯಕದ ಫಲವು ಈ ನಾಡಿನ ಅನೇಕ ಮನೆಗಳಲ್ಲಿ ಬದುಕಿ ಉಳಿದ ಮಕ್ಕಳು ಮರಿಗಳ ರೂಪದಲ್ಲಿ ನಿಂತಿತು. ಆದ್ದರಿಂದ ಶ್ರೀಮಠದ ಈ ಮಹೋತ್ಸವ ಗ್ರಂಥದಲ್ಲಿ ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುವದು ಯೋಗ್ಯವೆಂದು ತೋರಿ, ಭಕ್ತರ ಮುಂದೆ ಇಡಲಾಗಿದೆ.

ಹಾಫ್ಕಿನ್ ಪಂಡಿತರು ೧೮೬೦ನೆಯ ಇಸ್ವಿ ಮಾರ್ಚ್ ತಿಂಗಳಲ್ಲಿ ಕಪ್ಪು ಸಮುದ್ರದ ದಂಡೆಯ ಮೇಲಿರುವ ಒಡೆಸ್ಸಾ ಪಟ್ಟಣದಲ್ಲಿ ಜನಿಸಿದರು. ಈಗ ಯುಕ್ರೇನ್ ದೇಶಕ್ಕೆ ಸೇರಿದ ಆ ಪಟ್ಟಣವು ಆಗ ರಷ್ಯದ ಚಕ್ರವರ್ತಿಯಾದ ಝಾರನ ಆಳಿಕೆಯಲ್ಲಿತ್ತು. ಅವರ ಬಾಲ್ಯವು ಅಜೋವ್ ಸಮುದ್ರದ ತೀರದ ಬೆರ್ಡ್ಯಾನ್ಸ್ಕ್ ಎಂಬ ಊರಲ್ಲಿ ಕಳೆಯಿತು. ಆ ಕಾಲಕ್ಕೆ ರಷ್ಯದಲ್ಲಿ ಯಹೂದ್ಯರ ಸ್ಥಿತಿಯು ಬಲು ಕಷ್ಟಕರವಾಗಿತ್ತು. ವಿದ್ಯಾಲಯಗಳಲ್ಲಿಯೂ ನೌಕರಿಗಳಲ್ಲಿಯೂ ಅವರಿಗೆ ಅಡೆತಡೆಗಳು. ಆಗಾಗ್ಗೆ ಗುಂಪು ಕೂಡಿ ಅವರ ಮನೆಗಳ ಮೇಲೆ ಬೀಳುವ ಪುಂಡರ ಹಾವಳಿ. ಹೀಗಿದ್ದರೂ ಹಾಫ್ಕಿನ್‌ರು ಒಡೆಸ್ಸಾದ ವಿಶ್ವವಿದ್ಯಾಲಯವನ್ನು ಸೇರಿ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅಲ್ಲಿ ಅವರಿಗೆ ದೊರೆತ ಗುರುಗಳು ಈಲಿ ಮೆಚ್ನಿಕಾಫ್‌ರು. ರಕ್ತದಲ್ಲಿಯ ಬಿಳಿಯ ಕಣಗಳು ರೋಗಜಂತುಗಳನ್ನು ನುಂಗಿ ದೇಹವನ್ನು ಕಾಪಾಡುವವೆಂಬ ಸಂಗತಿಯನ್ನು ಕಂಡುಹಿಡಿದು, ಮುಂದೆ ೧೯೦೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು ಇವರೇ.

ವಿದ್ಯಾರ್ಥಿದೆಸೆಯಲ್ಲಿದ್ದಾಗಲೇ ಹಾಫ್ಕಿನ್‌ರು ತಮ್ಮ ಜನರ ಮನೆಗಳನ್ನು ಕಾಯುವ ತರುಣರ ಗುಂಪಿನಲ್ಲಿ ಸೇರಿ, ಗಾಯಗೊಂಡು, ಸೆರೆಗೂ ಸಿಕ್ಕರು. ಮೆಚ್ನಿಕಾಫ್‌ರು ತಮ್ಮ ಶಿಷ್ಯನ ಪರವಾಗಿ ನಿಂತು ಬಿಡಿಸಿಕೊಂಡರು. ಅಭ್ಯಾಸವು ಮುಗಿದ ಮೇಲೆ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗುವ ಯೋಗ್ಯತೆಯು ಅವರಿಗಿತ್ತು. ಆದರೆ ಅದಕ್ಕೆ ತಮ್ಮ ಮತವನ್ನು ಬಿಟ್ಟು ಅಲ್ಲಿಯ ರಾಜಮತವನ್ನು ಸ್ವೀಕರಿಸಬೇಕಾಗಿತ್ತು. ಹಾಫ್ಕಿನ್‌ರು ಅದಕ್ಕೆ ಒಡಂಬಡಲಿಲ್ಲ. ಊರಿನ ಪ್ರಾಣಿಶಾಸ್ತ್ರದ ವಸ್ತುಸಂಗ್ರಹಾಲಯದಲ್ಲಿ ಒಂದು ಸಣ್ಣ ಕೆಲಸವನ್ನು ಮಾಡಿಕೊಂಡು ಸೂಕ್ಷ್ಮಜೀವಿಗಳ ಮೇಲೆ ಲೇಖನಗಳನ್ನು ಬರೆಯುತ್ತ ಕೆಲವು ವರ್ಷ ಕಳೆದರು. ೧೮೮೮ರಲ್ಲಿ ದೇಶವನ್ನೇ ಬಿಟ್ಟು ಸ್ವಿಟ್ಝರ್ಲಂಡದ ಜಿನೀವಾಕ್ಕೆ ಹೋಗಿ, ಮರುವರ್ಷ ಅಲ್ಲಿಂದ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಬಾಗಿಲಿಗೆ ಬಂದರು. ಗುರುಗಳು ಅದಕ್ಕೂ ಮೊದಲೇ ಅಲ್ಲಿಗೆ ಬಂದಿದ್ದರು. ಆದರೆ ಹಾಫ್ಕಿನ್‌ರಿಗೆ ಕೊಡಲು ಅಲ್ಲಿ ಬೇರೆ ಹುದ್ದೆಯಿರಲಿಲ್ಲ. ಗ್ರಂಥಾಲಯದಲ್ಲಿ ಸಹಾಯಕರ ಕೆಲಸವು ಮಾತ್ರ ಇತ್ತು. ಅದನ್ನೇ ಸ್ವೀಕರಿಸಿ, ಬಿಡುವಿನ ವೇಳೆಯಲ್ಲೆಲ್ಲ ಪ್ರಯೋಗಶಾಲೆಯಲ್ಲಿ ದುಡಿಯತೊಡಗಿದರು.

ಇಲ್ಲಿ ಲಸಿಕೆಯ ತತ್ವವನ್ನು ಎರಡು ಮಾತಿನಲ್ಲಿ ತಿಳಿದುಕೊಳ್ಳುವದು ಅವಶ್ಯ. ಸಿಡುಬಿನ ಬಾಧೆ ತಗಲದಂತೆ ಮಕ್ಕಳಿಗೆ ದೇವಿ ಹಾಕಿಸುವ ಪದ್ಧತಿಯನ್ನು ನಮ್ಮ ಹಿರಿಯರು ಬಲ್ಲರು. ೧೭೯೬ರಲ್ಲಿ ಇಂಗ್ಲಂಡದ ಜೆನ್ನರ್ ಎಂಬ ವೈದ್ಯರು ಆಕಳ ಕೆಚ್ಚಲಿನ ಗುಳ್ಳೆಗಳ ರೋಗವು ತಗಲಿದವರಿಗೆ ಸಿಡುಬು ಬರುವದಿಲ್ಲವೆಂಬದನ್ನು ಪರೀಕ್ಷಿಸಿ ಆ ಪದ್ಧತಿಯನ್ನು ನೆಲೆಗೊಳಿಸಿದರು. ಬಲಗುಂದಿದ ಅಥವಾ ಸತ್ತ ರೋಗಜಂತುಗಳನ್ನು ಅಲ್ಪ ಪ್ರಮಾಣದಲ್ಲಿ ಮೈಯೊಳಗೆ ಹೊಗಿಸಿದರೆ ದೇಹವು ಆ ಶತ್ರುವಿನ ಗುರುತನ್ನು ಹಿಡಿದಿಟ್ಟುಕೊಳ್ಳುವದು. ಮುಂದೆ ನಿಜವಾದ ರೋಗವು ಬಂದರೆ ಕೂಡಲೆ ಎದುರಿಸುವದು. ಪಾಸ್ಚರ್ ಪಂಡಿತರು ಈ ತತ್ವವನ್ನು ಕುರಿಗಳ ರೋಗಕ್ಕೂ ಹುಚ್ಚುನಾಯಿಯ ಕಡಿತಕ್ಕೂ ಅನ್ವಯಿಸಿ ಜಗತ್ತನ್ನು ಬೆರಗುಗೊಳಿಸಿದ್ದರು. ಹಾಫ್ಕಿನ್‌ರು ಅದನ್ನು ಕಾಲರಾ ಅಂದರೆ ವಾಂತಿಭೇದಿಯ ಬೇನೆಗೆ ಅನ್ವಯಿಸಲು ಹೊರಟರು. ಲಸಿಕೆಯು ಸಿದ್ಧವಾಯಿತು, ಮೊಲ ಮುಂತಾದ ಪ್ರಾಣಿಗಳಲ್ಲಿ ಗುಣ ತೋರಿತು. ಮನುಷ್ಯನಿಗೆ ಅದು ನಿರಪಾಯವೋ ಅಲ್ಲವೋ ಎಂಬ ಪ್ರಶ್ನೆಯು ಉಳಿಯಿತು. ೧೮೯೨ನೆಯ ಇಸ್ವಿ ಜುಲೈ ೧೮ನೆಯ ದಿನ ಅವರು ಆ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂದು ಇಳಿಯಿತು, ಬೇರೆ ಅಪಾಯವಾಗಲಿಲ್ಲ. ತಾವು ಕುಡಿಯದ ಮದ್ದನ್ನು ಪರರಿಗೆ ಕುಡಿಸಬಾರದೆಂಬ ಈ ನಿಯಮವನ್ನು ಅವರು ಮುಂದೆಯೂ ಬಿಡಲಿಲ್ಲ.

ಕಾಲರಾ ಬೇನೆಯ ತವರೆಂದು ಹೆಸರಾದದ್ದು ನಮ್ಮ ದೇಶ. ಅಲ್ಲಿಯೇ ಈ ಔಷಧದ ನಿಜವಾದ ಪರೀಕ್ಷೆಯಾಗಬೇಕೆಂದು ನಿಶ್ಚಯಿಸಿ ಹಾಫ್ಕಿನ್‌ರು ೧೮೯೩ರ ಮಾರ್ಚ್ ತಿಂಗಳಲ್ಲಿ ಕಲಕತ್ತೆಗೆ ಬಂದಿಳಿದರು. ಹಿಂದೆ ಹಿಂದುಸ್ಥಾನದ ವೈಸರಾಯರಾಗಿದ್ದು ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಗಳಾಗಿದ್ದ ಲಾರ್ಡ್ ಡಫರಿನ್‌ರು ಅವರಿಗೆ ಈ ದಾರಿಯನ್ನು ಮಾಡಿಕೊಟ್ಟರು. ಎರಡೂವರೆ ವರ್ಷಗಳಲ್ಲಿ ಅವರು ಆಗ್ರಾದ ಕಡೆಗೂ, ಉತ್ತರದ ಸೈನ್ಯದ ಛಾವಣಿಗಳಿಗೂ, ಕಲಕತ್ತೆಯ ಬಡಜನರ ಕೇರಿಗಳಿಗೂ, ಅಸ್ಸಾಮದ ಚಹದ ತೋಟಗಳಿಗೂ ತಿರುಗಿ ಸುಮಾರು ೪೨,೦೦೦ ಜನರಿಗೆ ಲಸಿಕೆಯನ್ನು ಹಾಕಿದರು. ಯಾರನ್ನೂ ಬಲಾತ್ಕರಿಸಲಿಲ್ಲ. ಜನರು ಸಂಶಯಪಟ್ಟಲ್ಲಿ ಅವರ ಕಣ್ಣೆದುರಿಗೆ ತಾವು ಚುಚ್ಚಿಕೊಂಡರು, ತಮ್ಮ ಸಂಗಡದ ವೈದ್ಯರಿಗೂ ಚುಚ್ಚಿದರು. ಬಿಸಿಲು ತಿರುಗಾಟಗಳಿಂದ ಮಲೇರಿಯ ಜ್ವರಕ್ಕೆ ಸಿಕ್ಕಿ ೧೮೯೫ರಲ್ಲಿ ವಿಲಾಯತಿಗೆ ಹೋಗಿ, ಪೂರ್ಣ ಗುಣಹೊಂದುವ ಮೊದಲೇ ೧೮೯೬ರಲ್ಲಿ ತಿರುಗಿ ಬಂದರು.

ಅದೇ ವರ್ಷದ ಸೆಪ್ಟೆಂಬರ ತಿಂಗಳಲ್ಲಿ ಮುಂಬಯಿಯ ಮಾಂಡವಿ ಪೇಟೆಯಲ್ಲಿ ಪ್ಲೇಗು ಬೇನೆಯು ತಲೆದೋರಿತು. ಇಲಿಗಳು ಬೀಳುವವು, ಅವುಗಳ ಹಿಂದೆ ಮನುಷ್ಯರು ಬೀಳುವರು. ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಗಂಟು ಎದ್ದು, ಜ್ವರವೇರಿ, ಮೂರು ನಾಲ್ಕು ದಿವಸಗಳೊಳಗೆ ಪ್ರಾಣ ಹೋಗುವದು. ಈ ರೋಗದ ಜಂತುವನ್ನು ಯೆರ್ಸಿನ್ ಎಂಬ ಪಂಡಿತರು ೧೮೯೪ರಲ್ಲಿ ಹಾಂಗ್‌ಕಾಂಗದಲ್ಲಿ ಕಂಡುಹಿಡಿದಿದ್ದರು. ಇಲಿಯ ಮೈಮೇಲಿನ ಚಿಕ್ಕಾಡವು ಅದನ್ನು ಮನುಷ್ಯನಿಗೆ ಒಯ್ಯುವದೆಂಬದು ಇನ್ನೂ ತಿಳಿದಿರಲಿಲ್ಲ. ಸರಕಾರದವರ ಕರೆಯ ಮೇರೆಗೆ ಹಾಫ್ಕಿನ್‌ರು ಅಕ್ಟೋಬರ ತಿಂಗಳಲ್ಲಿ ಮುಂಬಯಿಗೆ ಬಂದು, ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಕಾರಕೂನ, ಮೂವರು ಸಿಪಾಯಿಗಳು, ಇಷ್ಟೇ ಸಾಮಗ್ರಿಯೊಡನೆ ಕೆಲಸಕ್ಕೆ ತೊಡಗಿದರು. ಮೂರು ತಿಂಗಳು ಹಗಲಿರುಳು ದುಡಿದರು. ಸಹಾಯಕರಲ್ಲಿ ಒಬ್ಬರು ಹಾಸಿಗೆ ಹಿಡಿದರು, ಇಬ್ಬರು ಕೆಲಸ ಬಿಟ್ಟುಹೋದರು. ಅವರು ಮಾತ್ರ ಕದಲಲಿಲ್ಲ.

ಅವರು ಲಸಿಕೆಯನ್ನು ಮಾಡಿದ ರೀತಿಯು ನಮ್ಮ ಜನರು ಕೇಳತಕ್ಕದ್ದಾಗಿದೆ. ಪ್ಲೇಗಿನ ಜಂತುವು ಮಾಂಸರಸದಲ್ಲಿ ಚೆನ್ನಾಗಿ ಬೆಳೆಯುವದು. ಯುರೋಪದಲ್ಲಿ ಇದಕ್ಕೆ ಗೋಮಾಂಸದ ರಸವನ್ನು ಉಪಯೋಗಿಸುವ ವಾಡಿಕೆಯಿತ್ತು. ಈ ದೇಶದ ಜನರ ಆಚಾರವನ್ನರಿತು ಹಾಫ್ಕಿನ್‌ರು ಅದನ್ನು ವರ್ಜಿಸಿ ಆಡಿನ ಮಾಂಸದ ರಸವನ್ನು ಉಪಯೋಗಿಸಿದರು. ಗಾಜಿನ ಪಾತ್ರೆಯಲ್ಲಿಯ ಈ ರಸದ ಮೇಲೆ ತುಪ್ಪದ ಕೆಲವು ಹನಿಗಳನ್ನು ತೇಲಬಿಟ್ಟರೆ, ಜಂತುಗಳು ಆ ಹನಿಗಳನ್ನು ಆಶ್ರಯಿಸಿ ಅಲ್ಲಿಂದ ಆಲದ ಬಿಳಲುಗಳಂತೆ ಕೆಳಗಿಳಿಯುತ್ತ ಬೆಳೆಯುತ್ತಿದ್ದವು. ಆಗಾಗ್ಗೆ ಪಾತ್ರೆಯನ್ನು ಅಲುಗಿಸಿದರೆ ಬಿಳಲುಗಳು ಕಳಚಿ ತಳಕ್ಕೆ ಬೀಳುವವು, ಹೊಸವು ಹುಟ್ಟುವವು. ಹೀಗೆ ಕೆಲವು ವಾರಗಳಲ್ಲಿ ಪಾತ್ರೆಯು ಜಂತುಗಳಿಂದಲೂ ಅವುಗಳ ವಿಷದಿಂದಲೂ ತುಂಬಿದ ಮೇಲೆ ಅದನ್ನು ೬೫ರಿಂದ ೭೦ ಅಂಶದ ಉಷ್ಣತೆಯಲ್ಲಿ ಒಂದು ತಾಸು ಕಾಯಿಸಿ ಜಂತುಗಳನ್ನೆಲ್ಲ ಕೊಲ್ಲುವರು. ತರುವಾಯ ಬೇರೆ ಯಾವ ಕ್ರಿಮಿಯೂ ಹುಟ್ಟದಂತೆ ನೂರಕ್ಕೆ ಅರ್ಧ ಭಾಗದಷ್ಟು ಕಾರ್ಬಾಲಿಕ್ ಆಮ್ಲವನ್ನು ಕೂಡಿಸಿ ಸೀಸೆಗಳಲ್ಲಿ ತುಂಬಿ ಬಾಯಿಮುಚ್ಚುವರು. ಈ ಆಮ್ಲದ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದೇ ದೊಡ್ಡ ವಾದಕ್ಕೆ ಕಾರಣವಾಯಿತು.

೧೮೯೭ನೆಯ ಇಸ್ವಿ ಜನವರಿ ೧೦ರಂದು ಹಾಫ್ಕಿನ್‌ರು ಈ ಹೊಸ ಲಸಿಕೆಯನ್ನು ತಮ್ಮ ಮೈಗೆ ಚುಚ್ಚಿಸಿಕೊಂಡರು. ಮುಂದೆ ಜನರಿಗೆ ಕೊಡಬೇಕೆಂದಿದ್ದ ಪ್ರಮಾಣಕ್ಕಿಂತ ಬಹಳ ಹೆಚ್ಚಾದ ಪ್ರಮಾಣವನ್ನೇ ತೆಗೆದುಕೊಂಡರು. ಜ್ವರವೂ ನೋವೂ ಕಾಡಿದರೂ ಕೆಲಸವನ್ನು ನಿಲ್ಲಿಸಲಿಲ್ಲ. ಆ ತಿಂಗಳ ಕೊನೆಯಲ್ಲಿ ಮುಂಬಯಿಯ ಭಾಯಖಳ ಸೆರೆಮನೆಯಲ್ಲಿ ಪ್ಲೇಗು ಹೊಕ್ಕಿತು. ಸೆರೆಯಾಳುಗಳಲ್ಲಿ ತಾವಾಗಿ ಮುಂದೆ ಬಂದ ಸುಮಾರು ೧೫೦ ಜನರಿಗೆ ಲಸಿಕೆ ಹಾಕಲಾಯಿತು. ಉಳಿದವರು ಹಾಗೆಯೇ ಇದ್ದರು. ಇಬ್ಬಗೆಯವರಿಗೂ ಅನ್ನ ಒಂದೇ, ಕೆಲಸ ಒಂದೇ, ಗೋಡೆ ಒಂದೇ. ಲಸಿಕೆಯಿಲ್ಲದವರಲ್ಲಿ ೧೨ ಜನರಿಗೆ ಬೇನೆ ತಗಲಿ ೬ ಜನರು ಸತ್ತರು. ಲಸಿಕೆ ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬೇನೆ ಬಂದರೂ ಒಬ್ಬರೂ ಸಾಯಲಿಲ್ಲ.

೧೮೯೮ರ ಫೆಬ್ರುವರಿಯಲ್ಲಿ ಬಡೋದೆಯ ಸಮೀಪದ ಉಂಢೇರಾ ಎಂಬ ಹಳ್ಳಿಯಲ್ಲಿ ಇನ್ನೂ ಕಟ್ಟುನಿಟ್ಟಾದ ಪರೀಕ್ಷೆಯು ನಡೆಯಿತು. ಅಲ್ಲಿ ಪ್ರತಿಯೊಂದು ಕುಟುಂಬದಲ್ಲಿ ಅರ್ಧ ಜನರಿಗೆ ಲಸಿಕೆ ಹಾಕಿ ಅರ್ಧ ಜನರನ್ನು ಬಿಡಲಾಯಿತು. ಮುಂದೆ ಬೇನೆಯು ಹೊಕ್ಕ ೨೮ ಕುಟುಂಬಗಳನ್ನು ನೋಡಲಾಗಿ, ಲಸಿಕೆಯಿಲ್ಲದ ೬೪ ಜನರಲ್ಲಿ ೨೭ ಜನರಿಗೆ ಬೇನೆ ಬಂದು ೨೬ ಜನರು ತೀರಿಕೊಂಡಿದ್ದರು. ಲಸಿಕೆ ಹಾಕಿಸಿಕೊಂಡ ೭೧ ಜನರಲ್ಲಿ ೮ ಜನರಿಗೆ ಬೇನೆ ಬಂದು ಮೂವರು ಮಾತ್ರ ತೀರಿಕೊಂಡಿದ್ದರು. ಒಂದೇ ಒಲೆಯ ಅನ್ನವನ್ನುಂಡು ಒಂದೇ ಸೂರಿನಡಿಯಲ್ಲಿ ಮಲಗಿದ ತಾಯಿಮಕ್ಕಳಲ್ಲಿ, ಅಣ್ಣತಮ್ಮಂದಿರಲ್ಲಿ ಕಂಡ ವ್ಯತ್ಯಾಸವಿದು. ಔಷಧದ ಗುಣವನ್ನು ತಿಳಿಯಬೇಕಾದರೆ ಅದನ್ನು ತೆಗೆದುಕೊಂಡವರನ್ನು ಎಣಿಸುವದರ ಜೊತೆಗೆ ತೆಗೆದುಕೊಳ್ಳದವರನ್ನೂ ಅಷ್ಟೇ ನಿಷ್ಠೆಯಿಂದ ಎಣಿಸಬೇಕೆಂಬ ಪಾಠವನ್ನು ಹಾಫ್ಕಿನ್‌ರು ಈ ದೇಶದಲ್ಲಿ ಹೀಗೆ ಕಲಿಸಿದರು. ಬಿಡಲ್ಪಟ್ಟ ಆ ಅರ್ಧ ಜನರ ಸಾವು ಆ ಪಾಠದ ಬೆಲೆಯಾಗಿತ್ತೆಂಬದನ್ನೂ ನಾವು ಮರೆಯಲಾಗದು.

ಅಷ್ಟರಲ್ಲಿ ಬೇನೆಯು ರೈಲುಮಾರ್ಗವನ್ನು ಹಿಡಿದು ದಕ್ಷಿಣಕ್ಕೆ ಇಳಿದು ನಮ್ಮ ಭಾಗವನ್ನು ಮುಟ್ಟಿತು. ಹುಬ್ಬಳ್ಳಿಯು ಆಗಲೂ ಹತ್ತಿಯ ದೊಡ್ಡ ಪೇಟೆ. ರೈಲುಗಳು ಕೂಡುವ ಸ್ಥಳ. ಸುಮಾರು ೫೦,೦೦೦ ಜನರ ವಸತಿ. ೧೮೯೮ರಲ್ಲಿ ಇಲ್ಲಿಯ ಓಣಿಗಳಲ್ಲಿ ಪ್ಲೇಗು ಹಬ್ಬಿದಾಗ ಜನರ ಮುಂದೆ ಇದ್ದ ದಾರಿಗಳೆಲ್ಲವೂ ಕಷ್ಟದವುಗಳಾಗಿದ್ದವು. ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಅಧಿಕಾರಿಗಳು ಮನೆಗಳನ್ನು ಹೊಕ್ಕು ಶೋಧಿಸಬಹುದಾಗಿತ್ತು. ರೋಗಿಗಳನ್ನು ಬಂಧುಗಳಿಂದ ಅಗಲಿಸಿ ಒಯ್ಯಬಹುದಾಗಿತ್ತು. ಪುಣೆಯಲ್ಲಿ ಇಂಥ ಶೋಧದಿಂದ ಜನರಲ್ಲಿ ಹುಟ್ಟಿದ ರೋಷವು ಹಿಂದಿನ ವರ್ಷ ಪ್ಲೇಗು ಅಧಿಕಾರಿ ರ‍್ಯಾಂಡರ ಕೊಲೆಯಲ್ಲಿ ಮುಗಿದಿತ್ತು. ಊರು ಬಿಟ್ಟು ಹೊಲಗಳಲ್ಲಿ ಜೋಪಡಿ ಹಾಕಿಕೊಳ್ಳುವದು ಒಳ್ಳೆಯ ಉಪಾಯವೇ ಸರಿ. ಆದರೆ ಮುಂಗಾರು ಹಿಡಿದ ಕರೀಮಣ್ಣಿನ ನೆಲದಲ್ಲಿ ಮುದುಕರನ್ನೂ ಹಸುಗೂಸುಗಳನ್ನೂ ಕಟ್ಟಿಕೊಂಡು ಇರುವದು ಎಷ್ಟು ದುಸ್ತರವೆಂಬದನ್ನು ಈ ನೆಲದವರಿಗೆ ಹೇಳಬೇಕಾದದ್ದಿಲ್ಲ.

ಇಂಥ ಸಂಕಟದ ವೇಳೆಯಲ್ಲಿ ಸರ್ಜನ್-ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯಾಧಿಕಾರಿಗಳು ಹುಬ್ಬಳ್ಳಿಯಲ್ಲಿ ಹಾಫ್ಕಿನ್‌ರ ಲಸಿಕೆಯನ್ನು ಹಾಕುವ ಕಾರ್ಯವನ್ನು ಕೈಕೊಂಡರು. ಮೇ ತಿಂಗಳಲ್ಲಿ ಮೊದಲಾದ ಈ ಕಾರ್ಯವು ಮಳೆಗಾಲವೆಲ್ಲ ನಡೆಯಿತು. ಪ್ರಾರಂಭದಲ್ಲಿ ಜನರು ಅಂಜಿದರೆ ಆಶ್ಚರ್ಯವೇನು? ಸೂಜಿಯ ಮೊನೆಯಿಂದ ಮೈಯೊಳಗೆ ಹೋಗುವ ಈ ಕಲಕು ನೀರಿನಲ್ಲಿ ಏನಿದೆಯೆಂದು ಯಾರು ಬಲ್ಲರು? ಚುಚ್ಚಿದ ಮರುದಿನ ಜ್ವರ ಬರುವದು, ತೋಳು ಬಾಯುವದು, ಎರಡು ದಿನದ ಕೂಲಿ ತಪ್ಪುವದು. ಆದರೆ ಕಣ್ಣೆದುರಿನ ಲೆಕ್ಕವು ಎಲ್ಲಕ್ಕಿಂತ ಬಲವಾದ ಸಾಕ್ಷಿಯಾಯಿತು. ಒಂದು ಮನೆಯಲ್ಲಿ ಚುಚ್ಚಿಸಿಕೊಂಡವನು ಎದ್ದು ಅಂಗಡಿಗೆ ಹೋಗುವದನ್ನೂ ಚುಚ್ಚಿಸಿಕೊಳ್ಳದವನನ್ನು ಹೊತ್ತೊಯ್ಯುವದನ್ನೂ ನೆರೆಮನೆಯವರು ನೋಡಿದರು. ದಿನ ಕಳೆದಂತೆ ಜನರು ತಾವಾಗಿ ಬರತೊಡಗಿದರು. ಅನೇಕರು ಎರಡನೆಯ ಸಲವೂ ಚುಚ್ಚಿಸಿಕೊಂಡರು. ಕೆಲವು ತಿಂಗಳುಗಳಲ್ಲಿ ಪಟ್ಟಣದ ಬಹುಭಾಗ ಜನರು, ಅಂದರೆ ೩೦,೦೦೦ಕ್ಕೂ ಮಿಕ್ಕಿ ಜನರು, ಲಸಿಕೆಯನ್ನು ತೆಗೆದುಕೊಂಡರು. ಒಂದು ಇಡಿಯ ಪಟ್ಟಣವು ಹೀಗೆ ಒಂದು ಹೊಸ ಔಷಧಕ್ಕೆ ತೋಳೊಡ್ಡಿದ ಉದಾಹರಣೆಗಳು ಆ ಕಾಲದಲ್ಲಿ ಬಲು ವಿರಳ. ವಾರವಾರಕ್ಕೂ ಇಟ್ಟ ಇಲ್ಲಿಯ ಲೆಕ್ಕಗಳು ಲಂಡನ್ನಿನ ವಿದ್ವತ್ಸಭೆಗಳವರೆಗೆ ಹೋಗಿ, ಹಾಫ್ಕಿನ್‌ರ ಲಸಿಕೆಯ ಪಕ್ಷದಲ್ಲಿ ಹುಬ್ಬಳ್ಳಿಯ ಹೆಸರು ಸಾಕ್ಷಿಯಾಗಿ ನಿಂತಿತು.

ಅದೇ ವರ್ಷ ಸರಕಾರವು ಪ್ಲೇಗಿನ ವಿಚಾರಣೆಗಾಗಿ ಒಂದು ಆಯೋಗವನ್ನು ನೇಮಿಸಿತು. ಅದರ ಅಧ್ಯಕ್ಷರು ಎಡಿಂಬರೋದ ಥಾಮಸ್ ಫ್ರೇಜರ್‌ರು. ಆಫ್ರಿಕದ ವಿಷಸಸ್ಯಗಳ ಗುಣಗಳನ್ನು ಶೋಧಿಸಿ, ಬಾಣಕ್ಕೆ ಸವರುವ ವಿಷದಿಂದ ಹೃದಯರೋಗಕ್ಕೆ ಔಷಧವನ್ನು ತೆಗೆದ ದೊಡ್ಡ ದ್ರವ್ಯಗುಣಶಾಸ್ತ್ರಜ್ಞರು. ಆಯೋಗವು ಲಸಿಕೆಯನ್ನು ಕಣ್ಣುಮುಚ್ಚಿ ಹೊಗಳಲಿಲ್ಲ. ಜನರು ಊರು ಬಿಟ್ಟು ಹೋಗುತ್ತ ಬರುತ್ತ ಇರುವಾಗ ಲಸಿಕೆಯಿಲ್ಲದವರ ಸಂಖ್ಯೆಯನ್ನು ನಿಖರವಾಗಿ ಹಿಡಿಯುವದು ಕಠಿಣ. ಸೀಸೆಯಿಂದ ಸೀಸೆಗೆ ಔಷಧದ ಬಲವು ಒಂದೇ ಸಮನಾಗಿರುವದಿಲ್ಲ. ಇವೇ ಮುಂತಾದ ದೋಷಗಳನ್ನು ಅದು ಎತ್ತಿ ತೋರಿಸಿತು. ಆದರೂ ಲಸಿಕೆಯಿಂದ ಬೇನೆ ತಗಲುವದು ಗಣನೀಯವಾಗಿ ಕಡಿಮೆಯಾಗುವದೆಂದೂ, ತಗಲಿದವರಲ್ಲಿ ಮರಣವು ಇನ್ನೂ ಕಡಿಮೆಯಾಗುವದೆಂದೂ ಒಪ್ಪಿಕೊಂಡಿತು.

ಹಾಫ್ಕಿನ್‌ರ ಕೀರ್ತಿಯು ಈಗ ಏರುಗಾಲದಲ್ಲಿತ್ತು. ಆಗಾಖಾನರು ತಮ್ಮ ಖೋಜಾ ಸಮಾಜದ ಸಹಸ್ರಾರು ಜನರಿಗೆ ಲಸಿಕೆ ಹಾಕಿಸಿದ್ದಲ್ಲದೆ ಪ್ರಯೋಗಶಾಲೆಗಾಗಿ ತಮ್ಮ ಬಂಗಲೆಯನ್ನು ಬಿಟ್ಟುಕೊಟ್ಟಿದ್ದರು. ೧೮೯೯ನೆಯ ಇಸ್ವಿ ಆಗಸ್ಟ್ ೧೦ರಂದು ಮುಂಬಯಿಯ ಪರಳದಲ್ಲಿಯ ಹಳೆಯ ಗವರ್ನರ ಬಂಗಲೆಯಲ್ಲಿ ಪ್ಲೇಗು ಸಂಶೋಧನಾಲಯವು ಸ್ಥಾಪನೆಗೊಂಡಿತು. ಅಲ್ಲಿಂದ ಲಸಿಕೆಯ ಸೀಸೆಗಳು ದೇಶದ ಮೂಲೆಮೂಲೆಗೂ ಪರದೇಶಗಳಿಗೂ ಹೋಗತೊಡಗಿದವು. ಆದರೆ ವೈದ್ಯ ಪದವಿಯಿಲ್ಲದ ಈ ಪ್ರಾಣಿಶಾಸ್ತ್ರಜ್ಞರ ಕೈಕೆಳಗೆ ಕೆಲಸ ಮಾಡುವದು ಸರಕಾರದ ವೈದ್ಯಾಧಿಕಾರಿಗಳಲ್ಲಿ ಕೆಲವರಿಗೆ ಸೇರುತ್ತಿರಲಿಲ್ಲ. ರಷ್ಯದ ಯಹೂದ್ಯನೆಂಬ ಸಂಶಯವೂ ಒಳಗೊಳಗೆ ಹೊಗೆಯಾಡುತ್ತಿತ್ತು.

೧೯೦೨ರಲ್ಲಿ ಪಂಜಾಬದಲ್ಲಿ ಪ್ಲೇಗು ಭಯಂಕರವಾಗಿ ಹಬ್ಬಿತು. ಅಲ್ಲಿಯ ಸರಕಾರವು ಲಕ್ಷಾವಧಿ ಪ್ರಮಾಣಗಳ ಲಸಿಕೆಯನ್ನು ತಡವಿಲ್ಲದೆ ಬೇಡಿತು. ಇಷ್ಟು ದೊಡ್ಡ ಬೇಡಿಕೆಯನ್ನು ಪೂರೈಸುವದಕ್ಕಾಗಿ ಹಾಫ್ಕಿನ್‌ರು ತಯಾರಿಕೆಯ ಕ್ರಮವನ್ನು ಬದಲಿಸಿ, ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಉಷ್ಣತೆಯೊಂದರಿಂದಲೇ ಲಸಿಕೆಯನ್ನು ಶುದ್ಧಗೊಳಿಸಲಾರಂಭಿಸಿದರು. ಪಾಸ್ಚರ್ ಸಂಸ್ಥೆಯಲ್ಲಿ ಈ ಕ್ರಮವು ರೂಢಿಯಲ್ಲಿತ್ತು. ಅಕ್ಟೋಬರ ೩೦ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ೧೦೭ ಜನರಿಗೆ ಲಸಿಕೆ ಹಾಕಲಾಯಿತು. ಸುಮಾರು ಒಂದು ವಾರದ ತರುವಾಯ ಅವರಲ್ಲಿ ೧೯ ಜನರಿಗೆ ಧನುರ್ವಾಯು ಹಿಡಿಯಿತು. ಆ ೧೯ ಜನರೂ ಮಡಿದರು. ಅವರೆಲ್ಲರೂ ೫೩-ಎನ್ ಎಂಬ ಗುರುತಿನ ಒಂದೇ ಸೀಸೆಯಿಂದ ಲಸಿಕೆ ಪಡೆದವರಾಗಿದ್ದರು. ಉಳಿದ ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ಪ್ಲೇಗಿನಿಂದ ಪಾರಾಗಬೇಕೆಂದು ನಂಬಿ ಬಂದ ಆ ಬಡ ರೈತರ ಮನೆಗಳಲ್ಲಿ ಎಂಥ ಗೋಳಾಗಿರಬೇಕೆಂಬದನ್ನು ಊಹಿಸಬಹುದು.

ಸರಕಾರವು ಮುಂಬಯಿಯ ಮುಖ್ಯ ನ್ಯಾಯಾಧೀಶರಾದ ಸರ್ ಲಾರೆನ್ಸ್ ಜೆಂಕಿನ್ಸ್‌ರ ಅಧ್ಯಕ್ಷತೆಯಲ್ಲಿ ವಿಚಾರಣಾ ಮಂಡಲವನ್ನು ನೇಮಿಸಿತು. ಧನುರ್ವಾಯುವಿನ ಕ್ರಿಮಿಯು ಮಣ್ಣಿನಲ್ಲಿ ವಾಸಿಸುವದು. ಅದು ಸೀಸೆಯನ್ನು ಹೊಕ್ಕದ್ದು ಪರಳದ ಪ್ರಯೋಗಶಾಲೆಯಲ್ಲಿಯೋ, ಮುಲ್ಕೋವಾಲದಲ್ಲಿ ಬೂಚು ತೆಗೆಯುವಾಗಲೋ ಎಂಬದೇ ಪ್ರಶ್ನೆ. ಸೀಸೆಯನ್ನು ತೆರೆಯುವ ಮೊದಲೇ ಅದು ಕಲುಷಿತವಾಗಿತ್ತೆಂದು ಮಂಡಲವು ಅಭಿಪ್ರಾಯಪಟ್ಟಿತು. ಆಮ್ಲವನ್ನು ಬಿಟ್ಟದ್ದು ತಪ್ಪೆಂದಿತು. ಹಾಫ್ಕಿನ್‌ರನ್ನು ಪರಳದ ಅಧಿಕಾರದಿಂದ ದೂರಮಾಡಿ ಸಂಬಳವಿಲ್ಲದ ರಜೆಯ ಮೇಲೆ ಕಳಿಸಲಾಯಿತು. ಅವರು ವಿಲಾಯತಿಗೆ ಹೋಗಿ, ವರ್ಷಗಟ್ಟಲೆ ಒಂದೊಂದೇ ಕಾಗದವನ್ನು ಕೂಡಿಹಾಕುತ್ತ, ನ್ಯಾಯವನ್ನು ಬೇಡುತ್ತ ಕಾಲ ಕಳೆದರು.

ಆ ಕಾಗದಗಳಲ್ಲಿಯೇ ಸತ್ಯದ ಎಳೆಯು ಅಡಗಿತ್ತು. ಮುಲ್ಕೋವಾಲದಲ್ಲಿ ಆ ಸೀಸೆಯ ಬೂಚನ್ನು ತೆಗೆಯುತ್ತಿದ್ದ ಸಹಾಯಕನ ಕೈಯಿಂದ ಚಿಮಟವು ನೆಲಕ್ಕೆ ಬಿದ್ದಿತ್ತು. ಅದನ್ನು ಆಮ್ಲದ ನೀರಿನಲ್ಲಿ ಅ‌ದ್ದಿದಷ್ಟೇ ಮಾಡಿ ತಿರುಗಿ ಉಪಯೋಗಿಸಲಾಗಿತ್ತು. ಮಣ್ಣಿನ ಆ ಕ್ರಿಮಿಯ ಬೀಜವು ಇಷ್ಟರಿಂದ ಸಾಯುವದಿಲ್ಲ. ಮೇಲಾಗಿ ಸೀಸೆಯು ಸುಮಾರು ಆರು ವಾರಗಳ ಹಿಂದೆ ತುಂಬಿದ್ದಾಗಿತ್ತು. ಅಷ್ಟು ದಿವಸ ಅದರಲ್ಲಿ ಧನುರ್ವಾಯುವಿನ ಕ್ರಿಮಿ ಬೆಳೆದಿದ್ದರೆ ತೆರೆದ ಕೂಡಲೆ ದುರ್ಗಂಧ ಹೊಡೆಯಬೇಕಾಗಿತ್ತು. ತೆರೆದ ವೈದ್ಯರಿಗೆ ಅಂಥ ನಾತವು ಬಂದಿರಲಿಲ್ಲ. ತುಂಬಿದ ವಿಷವು ಮೈಸೇರಿದ್ದರೆ ರೋಗವು ವಾರದವರೆಗೆ ಕಾಯದೆ ಬೇಗನೆ ಕಾಣಿಸಬೇಕಾಗಿತ್ತು. ಸಿಕಂದರಾಬಾದದಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜಂತುವನ್ನು ಕಂಡು ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ರೊನಾಲ್ಡ್ ರಾಸ್‌ರು ಹಾಫ್ಕಿನ್‌ರ ಪಕ್ಷವನ್ನು ಹಿಡಿದರು. ೧೯೦೭ರ ಜುಲೈ ತಿಂಗಳಲ್ಲಿ ರಾಸ್‌ರೂ ಒಂಬತ್ತು ಜನ ಬೇರೆ ವಿಜ್ಞಾನಿಗಳೂ ಸಹಿ ಮಾಡಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಪತ್ರವನ್ನು ಪ್ರಕಟಿಸಿ, ಹಾಫ್ಕಿನ್‌ರ ಮೇಲಿನ ಆರೋಪವು ನಿರಾಧಾರವೆಂದು ಸಾರಿದರು. ಪಾರ್ಲಿಮೆಂಟಿನಲ್ಲಿಯೂ ಪ್ರಶ್ನೆಗಳೆದ್ದವು. ಐದು ವರ್ಷಗಳ ಅಪವಾದವು ಹೀಗೆ ತೊಳೆದುಹೋಯಿತು.

ಸರಕಾರವು ಅವರನ್ನು ತಿರುಗಿ ಕರೆಯಿತು. ಆದರೆ ತಾವು ಕಟ್ಟಿದ ಪರಳದ ಸಂಶೋಧನಾಲಯವು ಅವರಿಗೆ ಸಿಗಲಿಲ್ಲ. ಅಲ್ಲಿ ಬೇರೆಯವರು ಕುಳಿತಿದ್ದರು. ಕಲಕತ್ತೆಯ ಪ್ರಯೋಗಶಾಲೆಯ ಮುಖ್ಯಸ್ಥರ ಸ್ಥಾನವು ಸಿಕ್ಕಿತು. ಆದರೆ ಹೊಸ ಲಸಿಕೆಗಳನ್ನು ಜನರ ಮೇಲೆ ಪರೀಕ್ಷಿಸುವ ಅಧಿಕಾರವು ಕೊಡಲ್ಪಡಲಿಲ್ಲ. ನಿರ್ದೋಷಿಯೆಂದು ಒಪ್ಪಿಕೊಂಡೂ ಕೈಕಟ್ಟಿಟ್ಟ ಈ ಮರ್ಯಾದೆಯು ಎಂಥದೆಂಬದನ್ನು ವಾಚಕರೇ ವಿಚಾರಿಸಬಹುದು. ಹಾಫ್ಕಿನ್‌ರು ಯಾರನ್ನೂ ದೂಷಿಸುತ್ತ ತಿರುಗಲಿಲ್ಲ. ೧೯೧೪ರಲ್ಲಿ ನಿವೃತ್ತರಾಗಿ ಫ್ರಾನ್ಸಕ್ಕೆ ತೆರಳಿದರು. ಲಗ್ನವಾಗದೆ ಒಂಟಿಯಾಗಿಯೇ ಬಾಳಿದ ಅವರು ಕೊನೆಗಾಲದಲ್ಲಿ ತಮ್ಮ ಮತದ ಆಚಾರಗಳಲ್ಲಿ ನಿಷ್ಠರಾಗಿ, ಗಳಿಸಿದ ಹಣವನ್ನು ಪೂರ್ವ ಯುರೋಪದ ಬಡ ಯಹೂದ್ಯ ಧರ್ಮವಿದ್ಯಾರ್ಥಿಗಳ ಪಾಠಶಾಲೆಗಳಿಗಾಗಿ ವಿನಿಯೋಗಿಸಿದರು. ೧೯೩೦ನೆಯ ಇಸ್ವಿ ಅಕ್ಟೋಬರ ೨೬ರಂದು ಸ್ವಿಟ್ಝರ್ಲಂಡದ ಲೋಝಾನ್ ಪಟ್ಟಣದಲ್ಲಿ ತಮ್ಮ ೭೦ನೆಯ ವಯಸ್ಸಿನಲ್ಲಿ ದೇಹವನ್ನಿಟ್ಟರು. ಅದಕ್ಕೂ ಮೊದಲು, ೧೯೨೫ರಲ್ಲಿ, ಪರಳದ ಸಂಶೋಧನಾಲಯಕ್ಕೆ ಹಾಫ್ಕಿನ್ ಸಂಸ್ಥೆಯೆಂದು ಹೆಸರಿಡಲಾಗಿತ್ತು. ಅಷ್ಟು ಕಾಲದೊಳಗೆ ಅಲ್ಲಿಂದ ಹೊರಟ ಪ್ಲೇಗು ಲಸಿಕೆಯ ಪ್ರಮಾಣಗಳು ೨ ಕೋಟಿ ೬೦ ಲಕ್ಷಗಳಷ್ಟೆಂದು ಗಣಿಸಿರುವರು. ಸ್ವತಂತ್ರ ಭಾರತವು ೧೯೬೪ರಲ್ಲಿ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿ ಅವರ ಋಣವನ್ನು ಸ್ಮರಿಸಿತು.

ಹಾಫ್ಕಿನ್‌ರ ಲಸಿಕೆಯು ಕೊನೆಯ ಮಾತಾಗಿರಲಿಲ್ಲ. ಅದರ ರಕ್ಷಣೆಯು ಕೆಲವು ತಿಂಗಳುಗಳ ಕಾಲ ಮಾತ್ರ ನಿಲ್ಲುತ್ತಿತ್ತು. ಜ್ವರ ನೋವುಗಳೂ ಹೆಚ್ಚು. ೧೯೩೨ರಿಂದ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಸಾಹೇಬ ಸಿಂಗ ಸೋಖಿಯವರು ಮಾಂಸರಸವನ್ನು ಬಿಟ್ಟು ಹಾಲಿನ ಸತ್ವದಿಂದ ಮಾಡಿದ ರಸದಲ್ಲಿ ಜಂತುವನ್ನು ಬೆಳೆಸಿ ಲಸಿಕೆಯನ್ನು ಉತ್ತಮಗೊಳಿಸಿದರು. ತರುವಾಯ ಸ್ಟ್ರೆಪ್ಟೋಮೈಸಿನ್ ಮುಂತಾದ ಪ್ರತಿಜೀವಕಗಳು ಬಂದು, ತಡವಿಲ್ಲದೆ ಕೊಟ್ಟರೆ ಪ್ಲೇಗು ಗುಣವಾಗುವ ರೋಗವಾಯಿತು. ಆದರೆ ಆ ಚರಿತ್ರೆಯು ಕಲಿಸಿದ ಪಾಠಗಳು ಹಳೆಯವಾಗಿಲ್ಲ. ಇಂದು ಯಾವ ಲಸಿಕೆಯೂ ಚುಚ್ಚುಮದ್ದೂ ಪರೀಕ್ಷೆಯಾಗದೆ ಕಾರಖಾನೆಯ ಬಾಗಿಲನ್ನು ದಾಟಲಾಗದು. ಪ್ರತಿಯೊಂದು ತಂಡಕ್ಕೂ ಗುರುತಿನ ಸಂಖ್ಯೆಯುಂಟು. ಆ ತಂಡದ ಮಾದರಿಗಳಲ್ಲಿ ಯಾವ ಕ್ರಿಮಿಯೂ ಬೆಳೆಯದೆಂಬದನ್ನು ನೋಡಿಯೇ ಅದನ್ನು ಹೊರಬಿಡುವರು. ಸೂಜಿಯನ್ನು ಒಬ್ಬರಿಗೆ ಉಪಯೋಗಿಸಿ ಬಿಸುಡುವರು. ತಯಾರಿಕೆಯ ಈ ಪರೀಕ್ಷೆಗಳನ್ನು ೧೯೪೦ರ ಔಷಧ ಕಾಯಿದೆಯೂ ಅದರ ಕೆಳಗಿನ ನಿಯಮಗಳೂ ಕಡ್ಡಾಯಗೊಳಿಸಿವೆ. ಹುಬ್ಬಳ್ಳಿ ಧಾರವಾಡಗಳ ಔಷಧಶಾಸ್ತ್ರ ಕಾಲೇಜುಗಳಲ್ಲಿ ನಮ್ಮ ಮಕ್ಕಳು ಕಲಿಯುವ ವಿದ್ಯೆಯ ಒಂದು ದೊಡ್ಡ ಭಾಗವು ಈ ಶುದ್ಧಿಯ ವಿದ್ಯೆಯೇ ಆಗಿದೆ.

ಔಷಧದ ಪಾವಿತ್ರ್ಯವು ಮಾಡುವವನ ಕೈಯಲ್ಲಿ ಮೊದಲಾಗಿ ಕೊಡುವವನ ಕೈಯಲ್ಲಿ ಮುಗಿಯುವದು. ನಡುವೆ ಒಂದು ಕೈ ಮೈಮರೆತರೂ ಹತ್ತೊಂಬತ್ತು ಮನೆಗಳ ದೀಪವಾರುವದು. ಮಾಡುವವನು ಮೊದಲು ತನ್ನ ಮೈಯ ಮೇಲೆ ಪರೀಕ್ಷಿಸಿಕೊಂಡಾಗ, ಲಾಭನಷ್ಟಗಳೆರಡನ್ನೂ ಮುಚ್ಚದೆ ಲೆಕ್ಕವಿಟ್ಟಾಗ, ಜನರು ಅವನನ್ನು ನಂಬುವರು. ಆ ನಂಬಿಕೆಯಿಲ್ಲದೆ ಎಷ್ಟು ಒಳ್ಳೆಯ ಔಷಧವೂ ಸೀಸೆಯಲ್ಲಿಯೇ ಉಳಿಯುವದು. ೧೮೯೮ರ ಮಳೆಗಾಲದಲ್ಲಿ ನಮ್ಮ ಹಿರಿಯರು ಒಬ್ಬ ಅಪರಿಚಿತನ ಔಷಧವನ್ನು ನಂಬಿದರು, ಬದುಕಿದರು. ಇತ್ತೀಚೆಗೆ ೨೦೨೧ರಲ್ಲಿ ಕೋವಿಡ್ ಲಸಿಕೆಗಾಗಿ ಅದೇ ಪಟ್ಟಣದ ಜನರು ಸಾಲುಗಟ್ಟಿ ನಿಂತರು. ಆಗಲೂ ಹಳೆಯ ಅಂಜಿಕೆಗಳೇ ಹೊಸ ಮಾತಿನಲ್ಲಿ ಕೇಳಿಬಂದವು. ಭಕ್ತರ ಮನೆಗಳಲ್ಲಿ ಹುಟ್ಟಿ ವೈದ್ಯರೂ ಔಷಧ ತಯಾರಕರೂ ದಾದಿಯರೂ ಆಗಿರುವ ತರುಣ ತರುಣಿಯರು ಈ ಮಹಾನುಭಾವರ ಚರಿತ್ರೆಯನ್ನು ಒಮ್ಮೆ ಓದಿ, ತಮ್ಮ ಕೈಗಳು ಯಾರ ನಂಬಿಕೆಯನ್ನು ಹಿಡಿದಿವೆಯೆಂಬದನ್ನು ನೆನೆದು ನಡೆದರೆ, ಹಾಫ್ಕಿನ್ ಪಂಡಿತರಿಗೆ ಈ ಊರು ಸಲ್ಲಿಸತಕ್ಕ ಋಣದಲ್ಲಿ ಒಂದಂಶವಾದರೂ ಸಂದಂತಾಗುವದು.